ತೂತಿನ ಇತಿಹಾಸ ಮತ್ತು ವಿಕಾಸ

ರಫೂ ಮಾಸ್ತರರಿಗೆ ತೂತು ಕಂಡರೆ ಗೌರವ. ನಮ್ಮ ನಿಮ್ಮ ಕೋಟಿಗೆ ತೂತು ಬಿದ್ದರೆ ನಾವು ಹೊಟ್ಟೆ ಉರಿದುಕೊಳ್ಳುತ್ತೇವೆ. ಇಲಿಯನ್ನೋ, ಜಿರಲೆಯನ್ನೋ, ಯಾರೂ ಸಿಗದಿದ್ದರೆ ಹೆಂಡತಿಯನ್ನೋ ಬೈಯುತ್ತೇವೆ. ಮಾಸ್ತರರು ಹಾಗಲ್ಲ. ರಫೂಗೆ, ಅಂದರೆ ಎಳೆಗೆ ಎಳೆ ಹೆಣೆದು ತೂತು ಮುಚ್ಚಲಿಕ್ಕೆ, ಬಂದ ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ತೂತಿಗೆ ತಾಗಿಸಿ ಕೂತರೆಂದರೆ ಮುಗಿಯಿತು, ಇಹಲೋಕದ ಸಂಪರ್ಕ ತಪ್ಪಿದ ಹಾಗೆಯೇ.

ಕಾಣುವುದೇನೂ ದೊಡ್ಡದಲ್ಲ. ಎದುರಿನ ಔಷಧಿ ಅಂಗಡಿಯ ಹಸಿರು ದೀಪ, ಅವಸರವಿಲ್ಲದೆ ಹೋಗುವ ಒಂದು ಸೈಕಲ್ಲು, ಮೂರನೇ ಮಹಡಿಯಲ್ಲಿ ಒಣಗುತ್ತಿರುವ ಯಾರದೋ ಬಿಳಿ ಹೊದಿಕೆ. ದಿನಾ ನೋಡುವ ಬೀದಿಯೇ. ಆದರೆ ತೂತಿನೊಳಗಿಂದ ನೋಡಿದಾಗ ಅದು ಸದ್ದಿಲ್ಲದ, ಭಾರವಿಲ್ಲದ ಬೇರೆ ಊರಾಗಿಬಿಡುತ್ತಿತ್ತು. ಸೈಕಲ್ಲಿನವನು ತೇಲುತ್ತಿದ್ದ. ಹೊದಿಕೆ ಉಸಿರಾಡುತ್ತಿತ್ತು.

"ಮಾಸ್ಟರ್, ಕೋಟು ಯಾವಾಗ ಕೊಡ್ತೀರಾ?" ಎಂದು ಗಿರಾಕಿ ಮೂರನೇ ಸಲ ಕೇಳುತ್ತಿದ್ದ.

"ಯಾವ ಕೋಟು?" ಎನ್ನುತ್ತಿದ್ದರು ಮಾಸ್ತರರು, ಅದೇ ಕೋಟನ್ನು ಕಣ್ಣಿನಿಂದ ಇಳಿಸದೆ.

ಅವರು ಕೂರುತ್ತಿದ್ದದ್ದು ಭಾವಮೈದುನನ ಲಾಂಡ್ರಿಯಲ್ಲಿ, ಬೀದಿ ಕಡೆಯ ಕಿಟಕಿಯ ಪಕ್ಕ, ಮೂರಡಿ ಉದ್ದದ ಒಂದು ಮೇಜಿನ ಹಿಂದೆ. ಮಾಸ್ತರರ ಮದುವೆಯಾದ ವರ್ಷ ಮಾವ ಅಳಿಯನಿಗೆ ಬಿಟ್ಟುಕೊಟ್ಟ ಜಾಗ ಅದು. ಈಗ ಮಾವ ಇಲ್ಲ, ಲಾಂಡ್ರಿ ಮಗನದು. ಬಟ್ಟೆಗೆ ಗುರುತಿನ ಚೀಟಿ ಚುಚ್ಚುವ ಗಲ್ಲಾದಲ್ಲಿ ಅವನ ಅಕ್ಕ, ಅಂದರೆ ಮಾಸ್ತರರ ಹೆಂಡತಿ, ಕೂರುತ್ತಿದ್ದರು. ಹಿಂದೆ ಆವಿ ಇಸ್ತ್ರಿ ಗಳಿಗೆಗೊಮ್ಮೆ ಬುಸ್ಸೆನ್ನುತ್ತಿತ್ತು. ಆ ಆವಿಯ ಮಬ್ಬು ಕಿಟಕಿಯ ಬೆಳಕಿಗೆ ಬಂದು ಕರಗುವುದನ್ನು ನೋಡುತ್ತ ಮಾಸ್ತರರು ನಲವತ್ತು ವರ್ಷ ಸುಖವಾಗಿ ಕಳೆದಿದ್ದರು.

ಒಂದು ಬೆಳಿಗ್ಗೆ ಭಾವಮೈದುನ ಬಂದು ಮೇಜಿನ ಮುಂದೆ ನಿಂತ. ಕೈಯಲ್ಲಿ ಅಳತೆ ಟೇಪು ಇತ್ತು.

"ಭಾವ, ಬೇಜಾರು ಮಾಡ್ಕೋಬೇಡಿ. ಒಂದನೇ ತಾರೀಕು ಬಟ್ಟೆ ಒಣಗಿಸೋ ಮೆಷಿನ್ ಬರತ್ತೆ. ಆಳೆತ್ತರ ಇದೆ. ಈ ಕಿಟಕಿಗೆ ಅಡ್ಡವಾಗಿ ಇಟ್ರೆ ಹೋಗೋ ಬರೋರಿಗೆಲ್ಲ ಕಾಣತ್ತೆ. ನೀವು ಹಿಂದಿನ ಕೋಣೇಲಿ ಕೂತ್ಕೊಳ್ಳಿ. ಟ್ಯೂಬ್‌ಲೈಟ್ ಹಾಕಿಸ್ಕೊಡ್ತೀನಿ."

"ಟ್ಯೂಬ್‌ಲೈಟ್‌ನಲ್ಲಿ ಕಪ್ಪು ನೂಲಿಗೂ ಕಡುನೀಲಿ ನೂಲಿಗೂ ವ್ಯತ್ಯಾಸ ಗೊತ್ತಾಗಲ್ಲ ಕಣಯ್ಯಾ."

"ಈಗ ರಫೂ ಮಾಡಿಸೋರು ಯಾರಿದಾರೆ ಭಾವ? ಹರಿದ್ರೆ ಬಿಸಾಕ್ತಾರೆ. ಇನ್ನು ಕೆಲವರು ಹರಿದಿರೋದನ್ನೇ ಹುಡುಕ್ಕೊಂಡು ಹೋಗಿ ತಗೋತಾರೆ."

ಹಿಂದಿನ ಕೋಣೆಯಲ್ಲಿ ನೀರು ಕಾಯಿಸುವ ಹಂಡೆಯಿತ್ತು, ಕಿಟಕಿ ಇರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ಸೂಜಿ ಕೆಳಗಿಟ್ಟ ಹಾಗೆ ಎಂಬುದು ಮಾಸ್ತರರಿಗೆ ಗೊತ್ತಿತ್ತು. ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗ ಬಾಯಿ ಜೋರಾಗುವುದು ಗಂಡಸರ ಹಣೆಬರಹ.

"ನಾನೇನು ಬರೀ ರಫೂ ಮಾಡೋನು ಅಂದ್ಕೊಂಡಿದೀಯಾ? ನಾನು ತೂತು ತಜ್ಞ!"

ಆವಿ ಇಸ್ತ್ರಿ ಕೂಡ ಒಂದು ಗಳಿಗೆ ಸುಮ್ಮನಾಯಿತು.

"ತಜ್ಞ ಅಂತ ನಾವೇ ಹೇಳ್ಕೊಂಡ್ರೆ ಆಗತ್ತಾ ಭಾವ? ಬೇರೆಯವರು ಹೇಳ್ಬೇಕು. ಒಂದು ಕೆಲಸ ಮಾಡೋಣ. ಒಂದನೇ ತಾರೀಕಿನೊಳಗೆ ಹೊರಗಿನವರು ಯಾರಾದ್ರೂ ಒಬ್ಬರು, ಒಬ್ಬರೇ ಸಾಕು, ನಿಮ್ಮನ್ನ ತಜ್ಞರು ಅಂತ ಕರೀಲಿ. ಮೆಷಿನ್ ಹಿಂದಕ್ಕೆ, ನೀವು ಮುಂದಕ್ಕೆ. ಇಲ್ದಿದ್ರೆ ನೀವು ಹಿಂದಕ್ಕೆ."

"ಆಗ್ಲಿ!" ಎಂದರು ಮಾಸ್ತರರು.

"ಊರಿನ ತೂತೆಲ್ಲ ಮುಚ್ತೀರಿ," ಎಂದರು ಹೆಂಡತಿ ಗಲ್ಲಾದಿಂದ, "ನಿಮ್ಮ ಬಾಯಿಗೊಂದು ರಫೂ ಹಾಕೋರು ಹುಟ್ಟಲಿಲ್ವಲ್ಲ."

ಅಂದು ಸಂಜೆ ಮಗಳು ಅಪ್ಪನ ಮುಖ ನೋಡಿ ಪಾಪ ಎನ್ನಿಸಿ, ಫೋನಿನಲ್ಲಿದ್ದ ಊರಿನ ಅಂಗಡಿಗಳ ಪಟ್ಟಿಗೆ ಅವರ ಕಸುಬನ್ನು ಸೇರಿಸಿದಳು. ಆ ಪಟ್ಟಿಗೆ ಕನ್ನಡ ಅಕ್ಷರ ಒಗ್ಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟಿ, ಯು, ಟಿ, ಯು ಎಂದು ಒತ್ತಿ, ಮುಂದೆ ಸ್ಪೆಷಲಿಸ್ಟ್ ಎಂದು ಸೇರಿಸಿ, "ಆಯ್ತಪ್ಪ, ನೀನೀಗ ಜಗತ್ತಿಗೆಲ್ಲ ಗೊತ್ತು" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ತೂತು. ಬರೆದದ್ದೂ ತೂತೇ. ಆದರೆ ಇಂಗ್ಲಿಷಿಗೆ ತಕಾರ ಟಕಾರದ ಭೇದವಿಲ್ಲ, ಹ್ರಸ್ವ ದೀರ್ಘದ ಗೊಡವೆಯಿಲ್ಲ. ಆ ನಾಲ್ಕು ಅಕ್ಷರಗಳನ್ನು ಓದುವವರು ಓದಿದರೆ ಟುಟು ಎಂದೂ ಆಗುತ್ತದೆ.

ಈ ಟುಟು ಏನೆಂದು ಮಾಸ್ತರರಿಗೆ ಗೊತ್ತಿರಲಿಲ್ಲ, ಓದುಗರಿಗಾದರೂ ಗೊತ್ತಿರಲಿ. ಬ್ಯಾಲೆ ಎಂಬ ಪರದೇಶದ ನೃತ್ಯದಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಂತು ತಿರುಗುವ ಹೆಣ್ಣುಮಕ್ಕಳು ಸೊಂಟಕ್ಕೆ ತೊಡುವ, ಬಲೆಯಂಥ ತೆಳುಬಟ್ಟೆಯ, ಪದರ ಪದರವಾದ ಲಂಗಕ್ಕೆ ಟುಟು ಎನ್ನುತ್ತಾರೆ.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಊರಿನ ಆಚೆ ತುದಿಯ ವಸ್ತ್ರಸಂಗ್ರಹಾಲಯದಲ್ಲಿ ಪ್ರದರ್ಶನಗಳ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಮಾತಾಡುತ್ತಿದ್ದರು.

"ಮಾಸ್ಟರ್ ಇದಾರಾ?"

"ನಾನೇ ಮಾಸ್ಟರ್."

ಸೂಜಿ ಹಿಡಿದವರನ್ನೂ ಮಾಸ್ಟರ್ ಎನ್ನುತ್ತಾರೆ, ಕುಣಿತ ಕಲಿಸುವವರನ್ನೂ ಮಾಸ್ಟರ್ ಎನ್ನುತ್ತಾರೆ. ಮೇಡಂಗೆ ಅಲ್ಲಿಗೆ ಸಮಾಧಾನವಾಯಿತು.

"ನಮ್ಮೂರಲ್ಲೇ ಒಬ್ಬ ಟುಟು ಸ್ಪೆಷಲಿಸ್ಟ್ ಇದಾರೆ ಅಂತ ಇಷ್ಟು ದಿನ ಗೊತ್ತೇ ಇರ್ಲಿಲ್ಲ ಸಾರ್!"

ಹೆಚ್ಚು ಓದಿದವರು ತಕಾರವನ್ನು ಟಕಾರ ಮಾಡುತ್ತಾರೆಂಬುದು ಮಾಸ್ತರರ ಅನುಭವ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ನಿಮ್ಮಿಂದ ಒಂದು ಉಪನ್ಯಾಸ ಬೇಕು ಸಾರ್. ಟುಟು, ಅದರ ಇತಿಹಾಸ ಮತ್ತು ವಿಕಾಸ. ಮೊದಮೊದಲು ಮೀನಖಂಡ ದಾಟಿ ಇಳೀತಿತ್ತು ಅಲ್ವಾ? ಆಮೇಲೆ ಮಂಡಿ ಹತ್ರ ಬಂತು. ಆಮೇಲೆ ಸೊಂಟದಲ್ಲೇ ನಿಲ್ತು. ಬರ್ತಾ ಬರ್ತಾ ಚಿಕ್ಕದಾಯ್ತು."

"ಚಿಕ್ಕದಾಗೋದಾ? ನಲವತ್ತು ವರ್ಷದಲ್ಲಿ ಒಂದೇ ಒಂದು ಚಿಕ್ಕದಾಗಿದ್ದು ನಾನು ನೋಡಿಲ್ಲ ಮೇಡಂ. ಶುರುವಾಗುವಾಗ ಸಾಸಿವೆಯಷ್ಟಿರತ್ತೆ. ಹಾಗೇ ಬಿಟ್ರೆ ದೊಡ್ಡದಾಗ್ತಾ ಹೋಗತ್ತೆ. ಕೊನೆಗೆ ಕೈಯೇ ತೂರತ್ತೆ."

ಆ ಕಡೆ ಪೆನ್ನು ಓಡುವ ಸದ್ದು ಕೇಳಿಸಿತು. "ಪುಸ್ತಕಗಳಲ್ಲೆಲ್ಲ ಉಲ್ಟಾ ಇದೆಯಲ್ಲ ಸಾರ್."

"ಪುಸ್ತಕ ಬರೆದವರು ಸೂಜಿ ಹಿಡಿದಿದ್ರಾ?"

"ಅದ್ಭುತ! ಇನ್ನು ಆ ಹೆಸರಿನ ವಿಷಯ... ಹೇಳೋಕೆ ಸ್ವಲ್ಪ ಸಂಕೋಚ. ಕೂರೋ ಭಾಗಕ್ಕೆ ಅಲ್ಲಿನ ಮಕ್ಕಳು ಹೇಳೋ ಮುದ್ದುಮಾತಿನಿಂದ ಬಂತು ಅಂತಾರೆ."

"ಇದರಲ್ಲಿ ಸಂಕೋಚ ಏನು ಬಂತು? ಮೊದಲು ಬೀಳೋದೇ ಅಲ್ಲಿ. ಗುಮಾಸ್ತರಿಗಂತೂ ವರ್ಷಕ್ಕೊಂದು ಗ್ಯಾರಂಟಿ."

ಮೇಡಂ ಒಂದು ನಿಮಿಷ ಗುಮಾಸ್ತರನ್ನು ಕಣ್ಣಮುಂದೆ ತಂದುಕೊಂಡಿರಬೇಕು. ಆಮೇಲೆ ಮೆಲ್ಲಗೆ ಕೇಳಿದರು. "ನಿಮ್ಮ ಸ್ವಂತ ಸಂಗ್ರಹ ಏನಾದ್ರೂ ಇದೆಯಾ ಸಾರ್?"

"ನಂದೇ ಐದಿವೆ ಮೇಡಂ." ಬನಿಯನ್ನಿನಲ್ಲಿ ಎಂದು ಸೇರಿಸುವಷ್ಟರಲ್ಲಿ ಇಸ್ತ್ರಿ ಬುಸ್ಸೆಂದಿತು.

"ಐದು! ಹಾಕ್ಕೊಳ್ತೀರಾ?"

"ದಿನಾ. ಒಗೆಯೋಕೆ ಹಾಕಿದ ದಿನ ಬಿಟ್ಟು."

ಉಪನ್ಯಾಸ ಮೂವತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಎಂದು ಗೊತ್ತಾಯಿತು. ನಿಮ್ಮಂಥ ತಜ್ಞರು ಒಪ್ಪಿದ್ದು ನಮ್ಮ ಭಾಗ್ಯ ಎಂದು ಮೇಡಂ ಫೋನಿಟ್ಟರು. ಮಾಸ್ತರರು ಎದೆಯುಬ್ಬಿಸಿ ತಿರುಗಿ ನೋಡಿದರೆ ಭಾವಮೈದುನ ಅಂಗಿ ಮಡಚುತ್ತಿದ್ದ.

"ಕೇಳಿಸ್ತೇನೋ? ತಜ್ಞರು ಅಂದ್ರು."

"ನಿಮ್ಮ ಕಿವೀಲಿ ಅಂದಿದ್ದು ನನಗೆ ಹೆಂಗೆ ಕೇಳಿಸ್ಬೇಕು ಭಾವ? ನಾಲ್ಕು ಜನದ ಎದುರಿಗೆ ಹೇಳ್ಲಿ. ನಾನೂ ಬರ್ತೀನಿ."

ಸುದ್ದಿ ಸಂಜೆಯೊಳಗೆ ಬೀದಿ ತುಂಬಿತು. ಇಷ್ಟು ವರ್ಷ ಮಾಸ್ತರರನ್ನು ಕಂಡೂ ಕಾಣದಂತಿದ್ದ ಜನ ಈಗ ತಂತಮ್ಮ ತೂತುಗಳನ್ನು ಹೊತ್ತು ತಂದರು. ಇತಿಹಾಸಕ್ಕೆ ಬೇಕಾಗಬಹುದು ಎಂದು ಔಷಧಿ ಅಂಗಡಿಯವರು ತಾತನ ಕಾಲದ ಛತ್ರಿ ಕೊಟ್ಟರು. ಅದರಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇತ್ತು. ಅಂಚೆಯವರು ಹೆಗಲಚೀಲ ತಂದು, "ಇದು ಬರೀ ತೂತಲ್ಲ ಮಾಸ್ಟರ್, ಮೂವತ್ತೊಂದು ವರ್ಷದ ಸರ್ವಿಸ್" ಎಂದು ಕಣ್ಣೊರೆಸಿಕೊಂಡರು.

ಮಹಡಿ ಮೇಲಿನ ವ್ಯಾಕರಣದ ಮೇಷ್ಟ್ರು ಭಾಷಣ ತಿದ್ದಿಕೊಡಲು ತಾವಾಗಿಯೇ ಇಳಿದು ಬಂದರು. ಅವರು ಕೆಲಸದಿಂದ ನಿವೃತ್ತರಾಗಿದ್ದರು, ತಿದ್ದುವುದರಿಂದ ಆಗಿರಲಿಲ್ಲ.

"ತೂತು ಗ್ರಾಮ್ಯ. ಸಭೆಯಲ್ಲಿ ರಂಧ್ರ ಅನ್ನಿ."

"ರಂಧ್ರ ಅನ್ನೋದು ಮೂಗಿಗೆ ಸರಿ ಮೇಷ್ಟ್ರೇ. ಬಟ್ಟೆಗೆ ತೂತೇ."

"ಛಿದ್ರ?"

"ಅದು ಮನಸ್ಸಿಗೆ."

ಮಾಸ್ತರರು ಅಂದು ರಂಧ್ರಕ್ಕೆ ಒಪ್ಪಿದ್ದರೆ, ಮೇಡಂಗೆ ಫೋನಿನಲ್ಲಿ ಒಂದು ಸಲ ರಂಧ್ರ ಎಂದಿದ್ದರೆ, ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಒಪ್ಪಲಿಲ್ಲ. ಎಂಟು ಹಾಳೆ ಬರೆದರು. ಹುಳ ಕೊರೆದದ್ದು, ಇಲಿ ಕಡಿದದ್ದು, ಮೊಳೆ ಹರಿದದ್ದು, ಕಿಡಿ ಸುಟ್ಟದ್ದು, ಸವೆದು ತಾನಾಗಿ ಬಿಟ್ಟದ್ದು ಎಂದು ಐದು ಜಾತಿ ಮಾಡಿದರು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಗಳಿಗೆ, "ಎಲ್ಲರ ಮನೆ ದೋಸೇನೂ ತೂತೇ ಅಂತಾರೆ ಕಣೆ. ನಮ್ಮನೆ ತೂತನ್ನ ಮಾತ್ರ ಸಭೆಗೆ ಕರ್ಕೊಂಡು ಹೋಗ್ತಿದಾರೆ" ಎಂದರು. ಆದರೂ ಗಂಡನ ಬಿಳಿ ಅಂಗಿಯನ್ನು ತಾವೇ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟರು. ಕಿಟಕಿ ಹೋದರೆ ಈ ಮನುಷ್ಯ ಹೇಗಾದಾರು ಎಂಬ ಭಯ ಅವರಿಗೂ ಇತ್ತು.

ಮೂವತ್ತನೇ ತಾರೀಕು ಗಂಡ ಹೆಂಡತಿ ಸಂಗ್ರಹಾಲಯದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರು. ಉದ್ದನೆಯ ಕೋಣೆ. ಹಳೆಯ ಬಟ್ಟೆಗೆ ಬೆಳಕು ಆಗಬಾರದೆಂದು ದೀಪಗಳನ್ನು ತಗ್ಗಿಸಿದ್ದರು. ಹೊರಗಿನ ಸದ್ದೆಲ್ಲ ಬಾಗಿಲಲ್ಲೇ ಉಳಿಯಿತು. ಆ ಅರೆಗತ್ತಲಲ್ಲಿ ಸಾಲಾಗಿ ಬಿಳಿ ಲಂಗಗಳು ನಿಂತಿದ್ದವು. ಒಳಗೆ ಮನುಷ್ಯರಿಲ್ಲ, ಆದರೂ ನಿಂತಿದ್ದವು. ಮೊದಲನೆಯದು ಬೋರಲು ಹಾಕಿದ ಗಂಟೆಯ ಆಕಾರದಲ್ಲಿ ಮೀನಖಂಡದ ಕೆಳಗಿನವರೆಗೆ ಇಳಿದಿತ್ತು. ಮುಂದಿನದು ಮಂಡಿಯ ಎತ್ತರ. ಕೊನೆಯದು ಇಳಿಯುವ ಗೋಜಿಗೇ ಹೋಗದೆ ಸೊಂಟದ ಸುತ್ತ ತಟ್ಟೆಯ ಹಾಗೆ ಅಗಲವಾಗಿ ಹರಡಿತ್ತು. ಬಾಗಿಲು ತೆರೆದ ಗಾಳಿಗೆ ಮೂರೂ ಒಂದಿಷ್ಟು ಅಲುಗಿ ಮತ್ತೆ ಸುಮ್ಮನಾದವು.

ಲಾಂಡ್ರಿಯ ಆವಿಯನ್ನು ಯಾರೋ ಹಿಡಿದು ಹೊಲಿದಿದ್ದಾರೆ ಎನ್ನಿಸಿತು ಮಾಸ್ತರರಿಗೆ. ಬಾಯಿ ತೆರೆದು ನಿಂತರು.

"ಇಷ್ಟು ಚೆನ್ನಾಗಿರೋ ಸೊಳ್ಳೆಪರದೆ ನಾನು ನೋಡೇ ಇರ್ಲಿಲ್ಲ ಕಣೆ."

ಹೆಂಡತಿ ಗೋಡೆಯ ಮೇಲಿನ ಫಲಕ ಓದುತ್ತಿದ್ದರು. ಅವರ ಮುಖ ಬಿಳಿಚಿತು. "ರೀ, ಇದು ತೂತಲ್ಲ. ಟುಟು. ಟುಟು ಅಂದ್ರೆ ಈ ಲಂಗ. ನಿಮ್ಮನ್ನ ಲಂಗದ ಮಾಸ್ಟರ್ ಅಂದ್ಕೊಂಡಿದಾರೆ."

ಮಾಸ್ತರರ ಜೇಬಿನಲ್ಲಿದ್ದ ಎಂಟು ಹಾಳೆ ಎಂಟು ಸೇರು ತೂಗಿತು.

"ಹಿಂದಿನ ಬಾಗಿಲಿದ್ರೆ ಹೋಗ್ಬಿಡೋಣ," ಎಂದರು ಹೆಂಡತಿ. ಅಷ್ಟರಲ್ಲಿ ಮೇಡಂ ಬಂದು ಕೈ ಮುಗಿದು ಮುಂದಕ್ಕೆ ಕರೆದೊಯ್ದರು. ಮೊದಲ ಸಾಲಿನಲ್ಲಿ ಭಾವಮೈದುನ ಕಪ್ಪು ಕೋಟು ತೊಟ್ಟು, ಕಾಲ ಮೇಲೆ ಕಾಲು ಹಾಕಿ, ಪರೀಕ್ಷೆಯ ಮೇಲ್ವಿಚಾರಕನಂತೆ ಕೂತಿದ್ದ. ಓಡಿಹೋಗಲು ದಾರಿ ಇರಲಿಲ್ಲ.

ಸಂಗ್ರಹಾಲಯದ ನಿರ್ದೇಶಕರು ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ದೊಡ್ಡ ಮನುಷ್ಯರು. ಅವರು ಎದ್ದು, "ನಮ್ಮ ನಡುವೆಯೇ ಎಲೆಮರೆಯ ಕಾಯಿಯಂತಿದ್ದ ಟುಟು ತಜ್ಞರು" ಎಂದು ಪರಿಚಯಿಸಿದರು. ತಜ್ಞರು ಎಂಬ ಮಾತು ಐವತ್ತು ಜನರ ಎದುರು ಹೊರಬಿತ್ತು. ಭಾವಮೈದುನ ಕಾಲು ಇಳಿಸಿ ನೆಟ್ಟಗೆ ಕೂತ.

ಮಾಸ್ತರರು ಮೈಕಿನ ಮುಂದೆ ನಿಂತರು. ಅವರು ಬಡಾಯಿ ಕೊಚ್ಚುವವರೇ ಹೊರತು ಸುಳ್ಳು ಹೇಳುವವರಲ್ಲ.

"ನಾನು ಟುಟು ಅಲ್ಲ," ಎಂದರು. "ನಾನು ತೂತು."

ನಿರ್ದೇಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಪಕ್ಕದವರಿಗೆ, "ಏನು ಮಾತು! ಟುಟು ಅಂದ್ರೇನೇ ನೂರು ಪದರ ಶೂನ್ಯ ಅಲ್ವೇ?" ಎಂದರು. ಚಪ್ಪಾಳೆ ಬಿತ್ತು.

"ನಿಜವಾಗ್ಲೂ ಸ್ವಾಮಿ, ಇದರ ಬಗ್ಗೆ ನನಗೆ ಏನೂ ಗೊತ್ತಿಲ್ಲ."

ಈ ವಿನಯಕ್ಕೆ ಇನ್ನೂ ದೊಡ್ಡ ಚಪ್ಪಾಳೆ ಬಿತ್ತು.

ಮಾಸ್ತರರು ಕೈಚೆಲ್ಲಿ ಪಕ್ಕಕ್ಕೆ ತಿರುಗಿದರು. ಅಂದಿನ ಮಟ್ಟಿಗೆ ಗಾಜು ತೆಗೆದು ಲಂಗಗಳ ಸುತ್ತ ಹಗ್ಗವಷ್ಟೇ ಕಟ್ಟಿದ್ದರು. ಮುಟ್ಟಬಾರದು ಎಂಬ ಚೀಟಿಯಿತ್ತು. ಅವರು ಜೇಬಿನ ಭೂತಗಾಜನ್ನು ಹೆಂಡತಿಯ ಕೈಗೆ ಕೊಟ್ಟು ಹಿಡಿಯಲು ಹೇಳಿ, ಕೈ ಹಿಂದೆ ಕಟ್ಟಿ, ಮೊದಲನೆಯ ಲಂಗದ ಅಂಚಿಗೆ ಬಗ್ಗಿದರು. ಬಗ್ಗಿದ್ದೇ ತಡ, ಸಭೆ, ಭಾವಮೈದುನ, ಒಂದನೇ ತಾರೀಕು ಎಲ್ಲ ದೂರ ಸರಿದವು. ಬಲೆಯ ಪುಟ್ಟಪುಟ್ಟ ಮನೆಗಳ ನಡುವೆ ತಮ್ಮ ಹಳೆಯ ಪರಿಚಯದವರು ಕಂಡರು.

"ಇಲ್ಲಿದೆಯಲ್ಲ," ಎಂದರು. "ತೂತು."

"ಎಲ್ಲಿ ಸಾರ್?" ಮೇಡಂ ಹತ್ತಿರ ಬಂದರು.

"ಇಲ್ಲಿ. ಇಲಿ ಕಡಿದಿದ್ರೆ ಅಂಚು ಹಲ್ಲು ಹಲ್ಲಾಗಿರ್ತಿತ್ತು. ಇದು ಕಂದು ತಿರುಗಿ ಪುಡಿಪುಡಿ ಆಗಿದೆ. ಸುಟ್ಟಿದ್ದು."

"ಹೌದು ಸಾರ್! ಆ ಕಾಲದಲ್ಲಿ ವೇದಿಕೆ ಮೇಲೆ ಗ್ಯಾಸ್ ದೀಪ ಇರ್ತಿದ್ವು. ಈ ಬಟ್ಟೆ ಕಾಗದದ ಹಾಗೆ ಹತ್ತಿಕೊಳ್ತಿತ್ತಂತೆ. ಎಷ್ಟೋ ಹುಡುಗೀರು ಕುಣೀತಾ ಕುಣೀತಾನೇ..."

"ಈ ಹುಡುಗಿ ಬದುಕಿದಾಳೆ," ಎಂದರು ಮಾಸ್ತರರು. "ತೂತು ಒಂದೇ ಇದೆ, ಸುತ್ತ ಎಳೆ ಮುದುರಿದೆ. ಯಾರೋ ಓಡಿಬಂದು ಬರಿಗೈಯಲ್ಲಿ ಅದುಮಿದಾರೆ."

ಮುಂದಿನ ಸಾಲಿನ ವೃದ್ಧೆಯೊಬ್ಬರು ತಮ್ಮ ಅಂಗೈಯನ್ನೇ ನೋಡಿಕೊಂಡರು.

ಮಾಸ್ತರರು ತೇಲಿದ ಹಾಗೆ ಎರಡನೆಯದಕ್ಕೆ ನಡೆದರು. "ಇದು ಹುಟ್ಟಿದಾಗ್ಲೇ ಗಿಡ್ಡ ಅಲ್ಲ. ಅಂಚು ಎರಡು ಸಲ ಕತ್ತರಿಸಿ ಮಡಚಿದಾರೆ. ಹೆಜ್ಜೆಗೆ ಸಿಕ್ಕಿ ಹರಿದಿರತ್ತೆ. ತೂತು ಬಿದ್ದ ಹಾಗೆಲ್ಲ ಮೇಲಕ್ಕೆ ಮೇಲಕ್ಕೆ ಹೋಗಿದಾರೆ, ಅಷ್ಟೇ ವಿಕಾಸ."

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಪಾದದ ಚಲನೆ ಪ್ರೇಕ್ಷಕರಿಗೆ ಕಾಣಲಿ ಅಂತ ಗಿಡ್ಡ ಮಾಡಿದ್ದು ಎಂದು ಗ್ರಂಥಗಳು ಹೇಳ್ತವೆ."

"ಹೇಳ್ತವೆ ಸ್ವಾಮಿ. ನನ್ನ ಪ್ಯಾಂಟು ಮಂಡಿ ಹತ್ರ ಹರಿದು ಚಡ್ಡಿ ಮಾಡ್ಕೊಂಡಾಗ ನಾನೂ ಸೆಕೆ ಅಂತಾನೇ ಹೇಳಿದ್ದು."

ಸಭೆ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕರೂ ನಕ್ಕರು. ಮಾಸ್ತರರು ಗೆದ್ದೇಬಿಟ್ಟರು ಎನ್ನುವಾಗ ಮೊದಲ ಸಾಲಿನಲ್ಲಿ ಭಾವಮೈದುನ ಕೈ ಎತ್ತಿದ. ಅವನು ಕೆಟ್ಟವನಲ್ಲ. ಆದರೆ ವ್ಯಾಪಾರಸ್ಥ, ಒಪ್ಪಂದ ಎಂದರೆ ಅವನಿಗೆ ಒಪ್ಪಂದವೇ.

"ಒಂದು ಪ್ರಶ್ನೆ. ಇವರು ಟುಟು ತಜ್ಞರೋ, ತೂತು ತಜ್ಞರೋ? ಯಾಕಂದ್ರೆ ನಮ್ಮ ಭಾವ ನನ್ನ ಲಾಂಡ್ರೀಲಿ ರಫೂ ಮಾಡೋದು. ಕುಣಿಯೋದು ನಾನಂತೂ ನೋಡಿಲ್ಲ."

ಮೇಡಂ ಮಾಸ್ತರರನ್ನು ನೋಡಿದರು, ಫೋನು ತೆಗೆದು ನೋಡಿದರು. ಟಿ, ಯು, ಟಿ, ಯು. ತುಟಿ ಅಲುಗಿಸಿ ಒಂದು ಸಲ ಹಾಗೆ, ಒಂದು ಸಲ ಹೀಗೆ ಓದಿಕೊಂಡರು. ಕಿವಿಯವರೆಗೂ ಕೆಂಪಾದರು.

"ಅಂದ್ರೆ... ಆ ಐದು?"

"ಬನಿಯನ್‌ನಲ್ಲಿ," ಎಂದರು ಹೆಂಡತಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು.

ಸಭೆಯಲ್ಲಿ ಗುಜುಗುಜು ಎದ್ದಿತು. ನಿರ್ದೇಶಕರು ಗಡಿಯಾರ ನೋಡಿಕೊಂಡು, ಕಾರಣಾಂತರಗಳಿಂದ ಕಾರ್ಯಕ್ರಮ ಇಲ್ಲಿಗೆ ಮುಗಿಯಿತು ಎಂದರು. ಕುರ್ಚಿಗಳು ಸರಿದವು. ಭಾವಮೈದುನ ಅಕ್ಕನ ಹತ್ತಿರ ಬಂದು ತಲೆ ತಗ್ಗಿಸಿ, "ಅಕ್ಕ, ನಾನೇನು ಮಾಡ್ಲಿ? ಬೇರೆ ಯಾವುದೋ ತಜ್ಞರು ಅಂದಿದ್ದು ಲೆಕ್ಕಕ್ಕೆ ಬರಲ್ಲ. ನಾಳೆ ಮೆಷಿನ್ ಬರತ್ತೆ" ಎಂದ. ಅಕ್ಕ ಗಂಡನನ್ನು ನೋಡುತ್ತಿದ್ದರು.

ಮಾಸ್ತರರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರು ಕೊನೆಯ ಲಂಗದ, ಆ ಅಗಲ ತಟ್ಟೆಯ, ಮುಂದೆ ಮಂಡಿಯೂರಿ ಕೂತಿದ್ದರು. ಮೂಗು ಬಲೆಗೆ ತಾಗುವಷ್ಟು ಹತ್ತಿರ. ಅಲುಗುತ್ತಿರಲಿಲ್ಲ.

"ಅದರಲ್ಲಿ ಏನೂ ತೂತಿಲ್ಲ," ಎಂದರು ಮೇಡಂ ಬೇಸರದಿಂದ. "ಪೂರ್ತಿ ಸರಿಯಾಗಿದೆ ಅಂತ ದಾಖಲೆಯಲ್ಲೇ ಇದೆ."

"ಇತ್ತು," ಎಂದರು ಮಾಸ್ತರರು. ದನಿ ಬಹಳ ಮೆಲ್ಲಗಿತ್ತು. "ಇಲ್ಲಿ, ಸೊಂಟದ ಹತ್ರ. ಎತ್ತಿ ತಿರುಗಿಸೋರು ಕೈ ಹಾಕೋ ಜಾಗದಲ್ಲಿ. ಎರಡು ಬೆರಳಗಲ ಹರಿದಿತ್ತು. ಯಾರೋ ಅದೇ ಬಟ್ಟೆ ಒಳಗಡೆಯಿಂದ ಎಳೆ ಬಿಚ್ಚಿ, ಒಂದೊಂದು ಮನೆಗೂ ಆರು ಗೋಡೆ ಕಟ್ಟಿದಾರೆ. ನಾನು ಎಣಿಸ್ತಾ ಇದೀನಿ. ನೂರಾ ನಲವತ್ತು ಮನೆ ಆಯ್ತು, ಇನ್ನೂ ಇದೆ."

ಮೇಡಂ ಭೂತಗಾಜಿನಲ್ಲಿ ನೋಡಿದರು. ನಿರ್ದೇಶಕರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಹೊರಗೆ ಹೋಗುತ್ತಿದ್ದವರು ತಿರುಗಿ ಬಂದು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು. ಕೊನೆಗೆ ಭಾವಮೈದುನ ಜನರನ್ನು ಸರಿಸಿ ಮುಂದೆ ಬಂದು ಭಾವನ ಪಕ್ಕ ಮಂಡಿಯೂರಿದ. ತುಂಬ ಹೊತ್ತು ನೋಡಿದ.

"ಏನೂ ಕಾಣಿಸ್ತಾನೇ ಇಲ್ವಲ್ಲ ಭಾವ."

"ಹ್ಞೂ," ಎಂದರು ಮಾಸ್ತರರು. "ಅದೇ ಕೆಲಸ."

ಭಾವಮೈದುನ ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದ.

"ಎಷ್ಟು ವರ್ಷ ಆಯ್ತೋ ಏನೋ. ಆ ಪುಣ್ಯಾತ್ಮರು ಮುಚ್ಚಿ ಎದ್ದು ಹೋದ್ಮೇಲೆ ಇವತ್ತೇ ಒಬ್ಬ ನೋಡಿದ್ದು," ಎಂದರು ಮಾಸ್ತರರು. ಅವರ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳುವ ಯೋಚನೆಯೂ ಅವರಿಗೆ ಬರಲಿಲ್ಲ. "ಕಿಟಕಿ ಪಕ್ಕ ಕೂತು ಮಾಡಿದಾರೆ. ದೀಪದ ಬೆಳಕಲ್ಲಿ ಇದು ಆಗೋ ಮಾತಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ಮುಂದಿನ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಬೀದಿ, ಮರ, ಅಂಗಡಿಗಳ ಬಾಗಿಲು ಬಿಸಿಲಿನಲ್ಲಿ ಹಿಂದಕ್ಕೆ ಹೋಗುತ್ತಿದ್ದವು. ನಾಳೆ ಹಿಂದಿನ ಕೋಣೆ ಎಂಬುದು ಅವರಿಗೆ ನೆನಪಾಗಿತ್ತು. ಮುಖ ಸಣ್ಣದಾಗಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ತಮ್ಮ ಕೂತಿದ್ದರು. ಭಾವಮೈದುನ ಕೋಟು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು, ಒಂದು ತೋಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅದನ್ನು ಬಿಟ್ಟು ಇನ್ನೊಂದು ತೋಳು ಹಿಡಿದ. ಒಳಗು ಹೊರಗು ಮಾಡಿದ.

"ಏನೋ ಹುಡುಕ್ತಿದೀಯ?" ಎಂದರು ಅಕ್ಕ.

"ನನ್ನ ಮದುವೆ ಕೋಟು ಇದು. ಮಂಟಪಕ್ಕೆ ಹೊರಡೋ ಗಡಿಬಿಡೀಲಿ ನಾನೇ ಇಸ್ತ್ರಿ ಇಟ್ಟು ಸುಟ್ಟಿದ್ದೆ, ನೆನಪಿದೆಯಾ? ನಾಲ್ಕಾಣೆಯಷ್ಟಗಲ. ಭಾವ ಅಲ್ಲೇ ಕೂತು ಸರಿ ಮಾಡಿದ್ರು." ಅವನು ಮುಂದಕ್ಕೆ ಬಗ್ಗಿ ಮಾಸ್ತರರ ಭುಜ ಮುಟ್ಟಿದ. "ಭಾವ, ಎಡಗೈನಲ್ಲೋ ಬಲಗೈನಲ್ಲೋ?"

ಮಾಸ್ತರರು ಕೋಟು ತೆಗೆದುಕೊಂಡು ಬಸ್ಸಿನ ಕಿಟಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿದರು. ಬೆರಳಾಡಿಸಿದರು. ಎಡಗೈ, ಬಲಗೈ, ಮತ್ತೆ ಎಡಗೈ.

"ನನಗೂ ಸಿಗ್ತಾ ಇಲ್ಲ ಕಣೋ," ಎಂದರು.

ಭಾವಮೈದುನ ಕೋಟನ್ನು ವಾಪಸು ತೆಗೆದುಕೊಂಡು ಮಡಚಿಟ್ಟುಕೊಂಡ. ಎರಡು ನಿಲ್ದಾಣ ದಾಟಿದ ಮೇಲೆ ಫೋನು ತೆಗೆದು, ಬಸ್ಸಿನ ಸದ್ದಿಗೆ ಮೀರಿ ಮಾತಾಡಿದ.

"ಹಲೋ, ನಾಳೆ ಮೆಷಿನ್ ತರ್ತೀರಲ್ಲ, ಅದನ್ನ ಹಿಂದಿನ ಕೋಣೇಲಿ ಇಡಿ... ಹೌದು, ಹಂಡೆ ತೆಗೆಸ್ತೀನಿ... ಇಲ್ಲ ಸ್ವಾಮಿ, ಕಿಟಕಿ ಹತ್ರ ಆಗಲ್ಲ. ಅಲ್ಲಿ ನಮ್ಮ ತಜ್ಞರು ಕೂರ್ತಾರೆ."

ಮಾಸ್ತರರು ತಿರುಗಲಿಲ್ಲ. ಅವರ ಕಿವಿ ಮಾತ್ರ ಕೆಂಪಾಗಿದ್ದು ಹಿಂದಿನಿಂದ ಹೆಂಡತಿಗೆ ಕಂಡಿತು.